ಮಿಷನ್ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ ಓದುಗರಿಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಚಕರ ಅಂಕಣದಲ್ಲಿ ಓದುಗರೊಬ್ಬರು ಎರಡು ಪ್ರಶ್ನೆ ಕೇಳಿದ್ದರು. ಚರ್ಚಿನಲ್ಲಿ ಸಂಬಳಕ್ಕೆ ಪಾದ್ರಿಗಳು ಇರುವಾಗ ಸಾಮಾನ್ಯ ಕ್ರೈಸ್ತರು ತಮ್ಮ ದೇವರ ವಿಷಯವನ್ನು ಬೇರೆಯವರ ಹತ್ತಿರ ಯಾಕೆ ಮಾತಾಡಬೇಕು ಎನ್ನುವುದು ಒಂದು. ಮಿಷನ್ ಹೆಸರಲ್ಲಿ ಎತ್ತುವ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎನ್ನುವುದು ಇನ್ನೊಂದು.

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಅಂಗಳದಲ್ಲಿ ಆ ಪತ್ರಿಕೆ ಕೈಯಿಂದ ಕೈಗೆ ಹೋಯಿತು. ಒಬ್ಬರಿಗೆ ಸಿಟ್ಟು ಬಂತು. ಇನ್ನೊಬ್ಬರು, "ಉತ್ತರ ಗಿತ್ತರ ಬರೆಯಲು ಹೋಗಬೇಡಿ ಮಾರಾಯ್ರೆ, ಸುಮ್ನೆ ಇರಿ, ಈಗ ಕಾಲ ಸರಿ ಇಲ್ಲ" ಎಂದರು. ನನಗೆ ಮಾತ್ರ ಆ ಪತ್ರದಲ್ಲಿ ಕೊಂಕು ಕಾಣಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿಗೆ ಸೇರಿದವರ, ಒಳಗೇ ಎಷ್ಟೋ ಜನರಿಗೆ ಈ ಎರಡಕ್ಕೂ ಉತ್ತರ ಗೊತ್ತಿಲ್ಲ. ಅವರೂ ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಪಂಡಿತ ಅಲ್ಲ. 1982ರಿಂದ 2019ರ ತನಕ ಮಲ್ಪೆ, ಕೊಡವೂರು ಕಡೆ ಕಾಗದ ಹಂಚಿದ ಪೋಸ್ಟ್‌ಮ್ಯಾನ್. ಹುಟ್ಟಿದ್ದು ಉಡುಪಿಯ ಮಿಷನ್ ಆಸ್ಪತ್ರೆಯಲ್ಲಿ. 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಎಂಬ ಸ್ವಿಸ್ ಹೆಂಗಸು ಶುರು ಮಾಡಿದ ಆಸ್ಪತ್ರೆ ಅದು. ಅಜ್ಜ ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿ ಆವೆಮಣ್ಣು ಹದ ಮಾಡುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಊರಿನವರು ಇವತ್ತಿಗೂ ನಮ್ಮನ್ನು ಬಾಸೆಲ್ ಮಿಷನ್‌ನವರು ಅಂತಲೇ ಕರೆಯುತ್ತಾರೆ.

ಮೊದಲು ದುಡ್ಡಿನ ವಿಷಯ. ಎಲ್ಲರಿಗೂ ಅದರಲ್ಲೇ ಆಸಕ್ತಿ ಜಾಸ್ತಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಈ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಹೆಬಿಕ್, ಲೆಹ್ನರ್, ಗ್ರೈನರ್ ಅಂತ ಮೂವರು ಬಂದರು. ಆಮೇಲಿನ ಕಥೆ ನನಗಿಂತ ಪತ್ರಿಕೆಯವರಾದ ನಿಮಗೇ ಚೆನ್ನಾಗಿ ಗೊತ್ತು. ನೀವು ಜುಲೈ 1ಕ್ಕೆ ಪತ್ರಿಕಾ ದಿನ ಮಾಡುವುದೇ 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ಮಂಗಳೂರ ಸಮಾಚಾರದ ಲೆಕ್ಕದಲ್ಲಿ, ಅಲ್ವಾ? ಹಂಚು, ಮಗ್ಗ, ಅಚ್ಚುಕೂಟ, 1894ರ ಕಿಟೆಲ್ ನಿಘಂಟು, ಇದನ್ನೆಲ್ಲ ನಮ್ಮವರು ಪ್ರತಿ ವಾರ್ಷಿಕೋತ್ಸವದಲ್ಲಿ ಹೇಳಿ ಎದೆ ಉಬ್ಬಿಸುತ್ತಾರೆ. ಕೂತು ಕೇಳುವಾಗ ನನಗೆ ಸ್ವಲ್ಪ ನಾಚಿಕೆ ಆಗುತ್ತದೆ. ನಿಘಂಟು ಬರೆದದ್ದು ಕಿಟೆಲ್. ನಾವು ಅದರ ಎಷ್ಟು ಪುಟ ತಿರುಗಿಸಿದ್ದೇವೆ?

ಆ ಭಾಷಣಗಳಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ. ಇಲ್ಲಿ ಬಂದ ಮಿಷನರಿಗಳ ಅನ್ನದ ಖರ್ಚು ನೋಡಿಕೊಂಡವರು ಯಾರು? ಬಾಸೆಲಿನ ದೊಡ್ಡ ವ್ಯಾಪಾರಿಗಳು ಕೊಟ್ಟರು, ಇಲ್ಲ ಅನ್ನುವುದಿಲ್ಲ. ಇಲ್ಲಿನ ಕಾರ್ಖಾನೆಗಳ ಲಾಭವೂ ಸೇರಿತು. ಆದರೆ 1855ರಲ್ಲಿ ಅಲ್ಲಿ ಒಂದು ಸಂಗ್ರಹ ಶುರುವಾಯಿತು. ಅದಕ್ಕೆ ಅರ್ಧ ಬಾಟ್ಸನ್ ಸಂಗ್ರಹ ಅಂತ ಹೆಸರು. ಬಾಟ್ಸನ್ ಎಂದರೆ ಅಲ್ಲಿನ ಹಳೆಯ ಚಿಲ್ಲರೆ ನಾಣ್ಯ. ವಾರಕ್ಕೆ ಅರ್ಧ ಬಾಟ್ಸನ್, ಅಂದರೆ ಅವರ ಲೆಕ್ಕದ ಐದು ಪೈಸೆ. ಒಬ್ಬೊಬ್ಬರು ಹತ್ತು ಜನರ ಹತ್ತಿರ ಹೋಗಿ ಎತ್ತಿಕೊಂಡು ಬರುವುದು. ಹೀಗೆ ತಿರುಗಿದವರಲ್ಲಿ ಹೆಂಗಸರೇ ಜಾಸ್ತಿ. ಕೊಟ್ಟವರು ಹೊಲದ ಕೆಲಸದವರು, ಕೂಲಿಯವರು, ಮನೆಗೆಲಸದ ಹುಡುಗಿಯರು. ಮಂಗಳೂರು ಯಾವ ದಿಕ್ಕಿನಲ್ಲಿದೆ ಅಂತಲೂ ಅವರಿಗೆ ಗೊತ್ತಿದ್ದಿರಲಿಕ್ಕಿಲ್ಲ.

ಆಮೇಲೆ 1914ರ ಯುದ್ಧ ಬಂತು. ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಹಿಡಿದಿಟ್ಟು, ಕೊನೆಗೆ ಊರಿಗೆ ಕಳಿಸಿತು. ಕಾರ್ಖಾನೆಗಳನ್ನು ವಶ ಮಾಡಿಕೊಂಡಿತು. ಮಿಷನರಿ ದೊರೆಗಳು ಹೋದರೂ ಸಭೆ ಉಳಿಯಿತು. ಉಳಿಸಿಕೊಂಡವರು ಉಪದೇಶಿಗಳು, ಶಾಲೆ ಮಾಸ್ಟ್ರುಗಳು, ಮನೆ ಮನೆಗೆ ಹೋಗಿ ಓದು ಹೇಳಿಕೊಡುತ್ತಿದ್ದ ಬೈಬಲ್ ಹೆಂಗಸರು, ಹಂಚಿನ ಕಾರ್ಖಾನೆಯ ಕೂಲಿಗಳು. ಅಜ್ಜ ಈ ಮಾತು ಹೇಳುವಾಗ ಒಂದು ಬೆರಳು ಎತ್ತುತ್ತಿದ್ದರು, ಸಾಕ್ಷಿ ಹೇಳುವವರ ಹಾಗೆ.

ಭಾರತದಿಂದಲೇ ಹೊರಟ ಮಿಷನ್‌ಗಳೂ ಇವೆ. 1903ರಲ್ಲಿ ತಿರುನೆಲ್ವೇಲಿಯವರು ತಮ್ಮದೇ ಒಂದು ಮಿಷನ್ ಸಂಘ ಕಟ್ಟಿದರು. 1905ರಲ್ಲಿ ಸೆರಾಂಪುರದಲ್ಲಿ ಶುರುವಾದ ನ್ಯಾಷನಲ್ ಮಿಷನರಿ ಸೊಸೈಟಿಯವರು ಜನವೂ ಭಾರತದ್ದು, ಹಣವೂ ಭಾರತದ್ದು, ಆಡಳಿತವೂ ಭಾರತದ್ದು ಎಂದು ಮೊದಲೇ ನಿಯಮ ಮಾಡಿಕೊಂಡರು. ಮಿಜೋರಾಂನ ಹೆಂಗಸರು ನೂರು ವರ್ಷಕ್ಕೂ ಹಿಂದಿನಿಂದ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ಬೇರೆ ತೆಗೆದಿಡುತ್ತಾರೆ. ಆ ಅಕ್ಕಿ ಮಾರಿದ ದುಡ್ಡು ಮಿಷನ್‌ಗೆ. ಇನ್ನು ಹೊರದೇಶದ ಹಣ. ಅದನ್ನು ಪಡೆಯಲು ಕೇಂದ್ರ ಸರಕಾರದ ನೋಂದಣಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಅದು ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮಂಥ ಸಣ್ಣ ಸಭೆಗಳಿಗೆ ಅದರ ಗಾಳಿಯೂ ಸೋಕಿಲ್ಲ.

ನಮ್ಮಲ್ಲಿ ದುಡ್ಡು ಹೇಗೆ ಹುಟ್ಟುತ್ತದೆ ಎಂದು ನೋಡಬೇಕಿದ್ದರೆ ಓದುಗ ಮಿತ್ರರು ಬೆಳೆ ಹಬ್ಬದ ಏಲಂಗೆ ಬರಬೇಕು. ಒಬ್ಬರು ಬಾಳೆಗೊನೆ ತರುತ್ತಾರೆ, ಒಬ್ಬರು ಬಸಳೆ ಕಟ್ಟು, ಒಬ್ಬರು ಮಟ್ಟುಗುಳ್ಳ, ಒಬ್ಬರು ಅಪ್ಪೆಮಿಡಿ ಉಪ್ಪಿನಕಾಯಿ. ಕಳೆದ ಸಲ ಒಂದು ಊರಿನ ಹುಂಜ ಬಂದಿತ್ತು. ಮೊದಲು ಅದು 600 ರೂಪಾಯಿಗೆ ಹೋಯಿತು. ಕೂಗಿದವರು ದುಡ್ಡು ಕೊಟ್ಟು, ಹುಂಜವನ್ನು ಪುನಃ ಮೇಜಿನ ಮೇಲೆ ಇಟ್ಟರು. ಎರಡನೆಯವರೂ ಹಾಗೇ ಮಾಡಿದರು. ಮೂರನೆಯವರೂ. ಹುಂಜಕ್ಕೆ ತಲೆ ತಿರುಗಿರಬೇಕು. ಐದನೇ ಸಲ ಮಲ್ಪೆ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಒಬ್ಬರು ಕೂಗಿ, ಹುಂಜದ ಕಾಲು ಗಟ್ಟಿ ಹಿಡಿದು, "ಇನ್ನು ವಾಪಸ್ ಇಲ್ಲ, ಮನೆಯಲ್ಲಿ ರೊಟ್ಟಿ ತಂದಿಟ್ಟಾಗಿದೆ" ಎಂದು ಹೊರಟೇಬಿಟ್ಟರು. ಉಪ್ಪಿನಕಾಯಿ ಪ್ರತಿ ವರ್ಷ ನನ್ನ ಪಕ್ಕದ ಮನೆಯ ಪೂಜಾರಿಯವರ ಪಾಲು. ಅವರು ಚರ್ಚಿಗೆ ಬರುವುದು ವರ್ಷಕ್ಕೆ ಅದೊಂದೇ ದಿನ. ಅವರ ಎದುರು ಕೂಗಲು ನಮ್ಮವರಿಗೂ ಮನಸ್ಸಿಲ್ಲ.

ಈಗ ಅಮ್ಮನ ವಿಷಯ.

1986ರಲ್ಲಿ ನಮ್ಮ ಸಭೆಗೆ ಬೆಳಗಾವಿ ಕಡೆಯ ಗಂಡ ಹೆಂಡತಿ ಬಂದಿದ್ದರು. ಗಂಡ ಉಪದೇಶಿ, ಹೆಂಡತಿ ನರ್ಸ್. ಗುಜರಾತಿನ ಡಾಂಗ್ ಜಿಲ್ಲೆಯ ಕಾಡಿನ ಊರೊಂದಕ್ಕೆ ಹೋಗಿ ನೆಲೆಸುತ್ತೇವೆ ಎಂದರು. ಕೂಟ ಮುಗಿದು ಮನೆಗೆ ಬಂದ ಅಮ್ಮ ಗೆರಸೆ ತೊಡೆ ಮೇಲಿಟ್ಟುಕೊಂಡು ಬೀಡಿ ಕಟ್ಟಲು ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಸಾವಿರಕ್ಕೆ ಒಂದು ಕಟ್ಟು ಅವರಿಗೆ" ಎಂದರು. ಒಂದು ಕಟ್ಟು ಅಂದರೆ 25 ಬೀಡಿ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಹತ್ತು ರೂಪಾಯಿ ಆಗುತ್ತಿತ್ತು. ಆ ಹತ್ತನ್ನು ನಾನು ಎಂ.ಒ., ಅಂದರೆ ಮನಿ ಆರ್ಡರ್, ಮಾಡಬೇಕು.

ಬೀಡಿ ದುಡ್ಡು ದೇವರ ಕೆಲಸಕ್ಕೆ ಆಗುತ್ತದಾ ಎಂದು ಸಭೆಯ ಹಿರಿಯರೊಬ್ಬರು ಕೇಳಿದರು. "ನನ್ನ ಕೈಗೆ ಬೇರೆ ಕೆಲಸ ಗೊತ್ತಿಲ್ಲ ಅಣ್ಣ. ನೀವು ಬೇರೆ ಕೆಲಸ ಕೊಡಿಸಿದರೆ ಅದರ ದುಡ್ಡೇ ಕೊಡುತ್ತೇನೆ" ಎಂದರು ಅಮ್ಮ. ಆ ಹಿರಿಯರ ಜೇಬಲ್ಲೂ ಒಂದು ಕಟ್ಟು ಇತ್ತು ಎನ್ನುವುದು ಬೇರೆ ಮಾತು.

ಎಂ.ಒ. ಫಾರಂ ನೋಡಿದವರು ಈಗ ಕಡಿಮೆ. 2015ರಲ್ಲಿ ಆ ಹಳೇ ಪದ್ಧತಿ ನಿಂತೇ ಹೋಯಿತು. ಫಾರಂನ ಕೆಳಗೆ ಒಂದು ಕೂಪನ್ ಇರುತ್ತಿತ್ತು. ನಾಲ್ಕು ಸಾಲು ಬರೆಯಲು ಜಾಗ. ಆ ತುಂಡು ದುಡ್ಡಿನ ಜೊತೆ ಅವರ ಕೈಗೆ ಹೋಗುತ್ತದೆ. ಇನ್ನೊಂದು ತುಂಡಿನಲ್ಲಿ ಅವರು ಸಹಿ ಹಾಕಬೇಕು, ಅದು ಕಳಿಸಿದವರಿಗೆ ವಾಪಸ್ ಬರುತ್ತದೆ. ಅಮ್ಮ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. "ಇಲ್ಲಿ ಮಳೆ ಬಲ ಆಗಿದೆ. ದನ ಕರು ಹಾಕಿತು. ನಾಲ್ಕು ದಿನ ಬೀಡಿ ಎಲೆ ಬರಲಿಲ್ಲ, ಹಾಗಾಗಿ ಎರಡು ರೂಪಾಯಿ ಕಮ್ಮಿ. ದಿನಾ ನಿಮ್ಮ ಹೆಸರು ಹೇಳುತ್ತೇವೆ." ಅಷ್ಟೇ. ವರ್ಷಕ್ಕೊಮ್ಮೆ ಆ ನರ್ಸಮ್ಮ ಇನ್‌ಲ್ಯಾಂಡ್ ಪತ್ರ ಹಾಕುತ್ತಿದ್ದರು. ಯಾವ ತಿಂಗಳ ಹತ್ತು ರೂಪಾಯಿಗೆ ಸೀಮೆಎಣ್ಣೆ ತಂದರು, ಯಾವುದಕ್ಕೆ ರಾತ್ರಿ ಶಾಲೆಯ ಮಕ್ಕಳಿಗೆ ಸ್ಲೇಟು ಕಡ್ಡಿ ತಂದರು ಎಂದು ಅದರಲ್ಲಿ ಬರೆದಿರುತ್ತಿತ್ತು.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಹೇಳದೇ ಇದ್ದರೆ ಈ ಪತ್ರಕ್ಕೆ ಅರ್ಥ ಇಲ್ಲ.

ಆಗೆಲ್ಲ ವಿಧವಾ ವೇತನ ಎಂ.ಒ.ನಲ್ಲಿ ಬರುತ್ತಿತ್ತು. ಅದನ್ನು ಹಂಚುವಾಗ ನಾನು ಎರಡು ರೂಪಾಯಿ ಇಟ್ಟುಕೊಳ್ಳುತ್ತಿದ್ದೆ. ಚಾಕ್ಕೆ ಅಂತ. ಯಾರೂ ಹೇಳಿಕೊಟ್ಟದ್ದಲ್ಲ, ಕೈ ನನ್ನದೇ. ಆ ಹೆಂಗಸರು ತಾವಾಗಿ ಬಿಡುತ್ತಿದ್ದರು. ಕೇಳದೆ ಕೊಟ್ಟರೆ ತಪ್ಪಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಭಾನುವಾರ ಚರ್ಚಿನಲ್ಲಿ ಕಾಣಿಕೆ ಚೀಲ ಹಿಡಿದು ಸಾಲು ಸಾಲು ತಿರುಗುತ್ತಿದ್ದವನೂ ನಾನೇ.

ಒಂದು ಸಂಜೆ ಅಮ್ಮ ಕಟ್ಟು ಎಣಿಸುತ್ತಾ ಕೇಳಿದರು. "ಮಗಾ, ಅಲ್ಲಿನ ಪೋಸ್ಟ್‌ಮ್ಯಾನ್ ಅವರಿಗೆ ಇಡೀ ಹತ್ತೂ ಕೊಡುತ್ತಾನಾ? ಇಲ್ಲ, ಚಾ ಕುಡಿಯಲು ಇಟ್ಟುಕೊಳ್ಳುತ್ತಾನಾ?"

ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೊಡುತ್ತಾನೆ ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರು ತಿಂಗಳು ಒಬ್ಬ ಮೊಗವೀರ ಅಜ್ಜಿಗೆ ಇಡೀ ದುಡ್ಡು ಎಣಿಸಿ ಕೊಟ್ಟೆ. ಅವರು ಎರಡು ರೂಪಾಯಿ ಚಾಚಿದರು. ಬೇಡ ಎಂದೆ.

"ಇವತ್ತೇನು ಪೋಸ್ಟಣ್ಣ, ಚಾ ಬಿಟ್ಟಿಯಾ?"

"ಇಲ್ಲಮ್ಮ. ಅದು ತಪ್ಪು ಅಂತ ಗೊತ್ತಾಯಿತು."

"ಯಾರು ಹೇಳಿದ್ದು?"

ಏನೋ ಒಂದು ಸಬೂಬು ಹೇಳಬಹುದಿತ್ತು. ಮೇಲಿನವರು ಹೇಳಿದರು ಎನ್ನಬಹುದಿತ್ತು. ಬಾಯಿಗೆ ಬಂದದ್ದು, "ಯೇಸು ಸ್ವಾಮಿ."

ಅಜ್ಜಿ ಜೋರಾಗಿ ನಕ್ಕುಬಿಟ್ಟರು. "ಇಷ್ಟು ವರ್ಷ ನಿನ್ನ ಸ್ವಾಮಿ ಸುಮ್ನೆ ಇದ್ರಾ?"

ನನಗೆ ಉತ್ತರ ಇರಲಿಲ್ಲ. ಜಗಲಿಯಲ್ಲಿ ಕೂತೆ. ಎಲ್ಲ ಹೇಳಿದೆ. ಅಮ್ಮನ ಹತ್ತು ರೂಪಾಯಿ, ಡಾಂಗ್, ನನ್ನ ಎರಡು ರೂಪಾಯಿ, ಬೈಬಲಿನಲ್ಲಿ ಎರಡು ಕಾಸು ಹಾಕಿದ ಬಡ ವಿಧವೆಯ ಕಥೆ. ಒಬ್ಬರ ಎದುರು ಕೂತು ನಾನು ಮಾಡಿದ ಮೊದಲ ಧರ್ಮಪ್ರಚಾರ ಅದು ಎಂದು ಬೇಕಾದರೆ ಲೆಕ್ಕ ಹಾಕಿ. ಅರ್ಧ ಅದು ತಪ್ಪೊಪ್ಪಿಗೆ.

ಅಜ್ಜಿ ಕ್ರೈಸ್ತರಾಗಲಿಲ್ಲ. ನಾನು ಆಗಿ ಎಂದೂ ಹೇಳಲಿಲ್ಲ. ಆದರೆ ಒಂದು ವರ್ಷ ಗಾಳಿ ಎದ್ದು, ಅವರ ಮಗ ಹೋದ ಬೋಟು ಎರಡು ದಿನ ಬಂದಿರಲಿಲ್ಲ. ಆಗ ದಾರಿಯಲ್ಲಿ ನನ್ನ ಸೈಕಲ್ ನಿಲ್ಲಿಸಿ, "ನಿನ್ನ ಸ್ವಾಮಿಗೂ ಒಂದು ಮಾತು ಹೇಳು" ಎಂದರು. ವಡಭಾಂಡೇಶ್ವರದ ಬಲರಾಮನಿಗೆ ಹೇಳಿಯಾಗಿತ್ತು. ಬೊಬ್ಬರ್ಯನಿಗೂ ಹೇಳಿಯಾಗಿತ್ತು. ನಾನು ಅಲ್ಲೇ ನಿಂತು ಪ್ರಾರ್ಥನೆ ಮಾಡಿದೆ. ಬೋಟು ಬಂತು. ಯಾರು ತಂದದ್ದು ಎಂದು ನಾವು ಇಬ್ಬರೂ ಚರ್ಚೆ ಮಾಡಲಿಲ್ಲ.

ಓದುಗರ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಆ ಅಜ್ಜಿಯ ಜಗಲಿಗೆ ಯಾವ ಪಾದ್ರಿಯೂ ಹೋಗುವುದಿಲ್ಲ. ಹೋದರೂ ಅಜ್ಜಿ ಒಳಗಿಂದ ಚಾಪೆ ತಂದು ಹಾಕಿ ಮರ್ಯಾದೆ ಮಾಡುತ್ತಾರೆ ಹೊರತು ಹಾಗೆ ನಗುವುದಿಲ್ಲ. ಬೈಬಲಿನಲ್ಲೂ ನೋಡಿ. ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಯೆರೂಸಲೇಮಿನಲ್ಲಿ ಹಿಂಸೆ ಶುರುವಾದಾಗ ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಅಲ್ಲೇ ಉಳಿದರು. ಊರೂರಿಗೆ ಚದರಿ ಹೋಗಿ ಸುವಾರ್ತೆ ಹೇಳಿದವರು ಉಳಿದ ಜನ. ಅವರಲ್ಲಿ ಹೆಚ್ಚಿನವರ ಹೆಸರೂ ಬರೆದಿಲ್ಲ. ನನ್ನ ಕಸುಬಿನವರೂ ಇಬ್ಬರು ಇದ್ದಾರೆ. ಪೌಲನು ರೋಮ್‌ನವರಿಗೆ ಬರೆದ ಪತ್ರವನ್ನು ಒಯ್ದವಳು ಫೊಯಿಬೆ ಎಂಬ ಹೆಂಗಸು ಎಂದು ಪಂಡಿತರು ಹೇಳುತ್ತಾರೆ. ಫಿಲಿಪ್ಪಿಯವರು ಸೆರೆಮನೆಯಲ್ಲಿದ್ದ ಪೌಲನಿಗೆ ಕೊಟ್ಟ ಸಹಾಯವನ್ನು ಹೊತ್ತುಕೊಂಡು ಹೋದವನು ಎಪಫ್ರೊದೀತ. ಅವನು ದಾರಿಯಲ್ಲಿ ಚಾ ಕುಡಿಯಲು ಏನೂ ಇಟ್ಟುಕೊಳ್ಳಲಿಲ್ಲ. ಮುಟ್ಟಿತು ಎಂದು ಪೌಲನೇ ಬರೆದಿದ್ದಾನೆ.

ಹಾಗೆಂದು ನಮ್ಮವರು ಮಾತಾಡುವ ರೀತಿಯೆಲ್ಲ ಸರಿ ಎಂದು ಹೇಳುತ್ತಿಲ್ಲ. ಇದರಲ್ಲೂ ಮೊದಲ ಸಾಕ್ಷಿ ನಾನೇ.

1980ರ ಜನವರಿ. ಉಡುಪಿ ಪರ್ಯಾಯ. ನನಗೆ ಇಪ್ಪತ್ತು ವರ್ಷ, ಬಿಸಿ ರಕ್ತ. ಮೆರವಣಿಗೆ ಜೋಡುಕಟ್ಟೆಯಿಂದ ಬೆಳಗಿನ ಜಾವ ಹೊರಡುತ್ತದಲ್ಲ, ಆ ಜನದ ನಡುವೆ ನಾನು ಚೀಲದಲ್ಲಿ ಇನ್ನೂರು ಕರಪತ್ರ ಇಟ್ಟುಕೊಂಡು ಹಂಚುತ್ತಿದ್ದೆ. ಕೆಲವರು ತೆಗೆದುಕೊಂಡರು, ಕೆಲವರು ಅಲ್ಲೇ ಬಿಸಾಡಿದರು. ರಸ್ತೆ ಬದಿಯಲ್ಲಿ ಮಲ್ಲಿಗೆ ಮಾರುತ್ತಿದ್ದ ಮುದುಕರೊಬ್ಬರಿಗೆ ಒಂದು ಕೊಟ್ಟೆ. ಅವರು ಗ್ಯಾಸ್‌ಲೈಟಿನ ಬೆಳಕಿಗೆ ಹಿಡಿದು ಕೊನೆಯ ಸಾಲಿನ ತನಕ ಓದಿದರು. ಮಡಿಸಿ ಜೇಬಿಗೆ ಹಾಕಿದರು. ಆಮೇಲೆ ಕೇಳಿದರು, "ನಿಮ್ಮ ಕ್ರಿಸ್ಮಸ್ ದಿನ ನಾನು ಚರ್ಚಿನ ಗೇಟಿನಲ್ಲಿ ನಿಂತು ಕೃಷ್ಣನ ಚೀಟಿ ಹಂಚಿದರೆ ನಿನಗೆ ಹೇಗಾಗುತ್ತದೆ ಮಗಾ?"

ನಾನು ಮಾತಾಡಲಿಲ್ಲ. ಅವರು ಬುಟ್ಟಿಯ ಬಾಳೆಎಲೆ ಸರಿಸಿ ಮಲ್ಲಿಗೆ ಚೆಂಡು ತೋರಿಸಿದರು. "ಇದು ಶಂಕರಪುರದ್ದು. ಕ್ರಿಸ್ತರ ಅಂಗಳದ್ದೇ. ಅವರು ಹಬ್ಬಕ್ಕೆ ಹೂ ಕಳಿಸಿದ್ದಾರೆ, ನೀನು ಕಾಗದ ತಂದಿದ್ದಿ." ಮತ್ತೆ ಅವರೇ, "ಒಂದು ದಿನ ಮನೆಗೆ ಬಾ. ಕೂತು ಮಾತಾಡುವ. ಇಲ್ಲಿ ಬೇಡ" ಎಂದರು. ಮನೆ ಎಲ್ಲಿ ಎಂದೂ ಹೇಳಿದರು.

ನಾನು ಹೋಗಲಿಲ್ಲ. ಹಬ್ಬದ ದಾರಿಯಲ್ಲಿ ಹಂಚಿದ್ದು ತಪ್ಪು ಎಂದು ಬೇಗ ಅರ್ಥವಾಯಿತು. ಕರೆದರೂ ಹೋಗದೇ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ಅರ್ಥವಾಗಲು ಹತ್ತು ವರ್ಷ ಹಿಡಿಯಿತು. ಮುಖ ನೋಡದೆ ಇನ್ನೂರು ಜನರಿಗೆ ಚೀಟಿ ತುರುಕಲು ಧೈರ್ಯ ಬೇಕಿಲ್ಲ. ಓದಿ ಮುಗಿಸಿದ ಒಬ್ಬ ಮನುಷ್ಯನ ಎದುರು ಒಂದು ಗಂಟೆ ಕೂರಲು ಬೇಕು. ಅವರು ಕೇಳುವುದಕ್ಕೆಲ್ಲ ಉತ್ತರ ಹೇಳಬೇಕು, ಅವರು ಹೇಳುವುದನ್ನೂ ಕೇಳಬೇಕು. ನನ್ನಲ್ಲಿ ಅದು ಇರಲಿಲ್ಲ. ಪೇತ್ರನ ಪತ್ರದಲ್ಲಿ ಇರುವುದೂ ಇದೇ. ನಿಮ್ಮ ನಿರೀಕ್ಷೆ ಏನು ಎಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಅದನ್ನು ಮೆತ್ತಗೆ, ಮರ್ಯಾದೆಯಿಂದ ಹೇಳಿ ಎನ್ನುತ್ತಾನೆ. ನಮ್ಮವರು ಸಿದ್ಧರಾಗಿರಿ ಎನ್ನುವುದನ್ನು ಬಾಯಿಪಾಠ ಮಾಡುತ್ತಾರೆ. ಮೆತ್ತಗೆ ಎನ್ನುವುದು ಪಾದ್ರಿಗಳ ಪ್ರಸಂಗದಲ್ಲೂ ಬರುವುದಿಲ್ಲ.

ಕಾಯಿಲೆಯವರ ಮಂಚದ ಪಕ್ಕ ನಿಂತು, ನಮ್ಮ ಕಡೆ ಬಂದರೆ ಗುಣ ಆಗುತ್ತದೆ ಎನ್ನುವವರನ್ನು ನಾನು ಕಂಡಿದ್ದೇನೆ. ಅದು ವ್ಯಾಪಾರ. ಶಾಲೆ ಫೀಸು ಕೊಟ್ಟು, ಆಮೇಲೆ ಭಾನುವಾರ ಯಾಕೆ ಬರಲಿಲ್ಲ ಎಂದು ಕೇಳುವುದೂ ವ್ಯಾಪಾರವೇ.

ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಇದೆ. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಕ್ಕೆ ಧಕ್ಕೆ ಬರಬಾರದು ಎನ್ನುವ ಮಿತಿಯೂ ಇದೆ. ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ಕೆಲವರಿಗೆ ಆ ತೀರ್ಪಿನ ಬಗ್ಗೆ ಅಸಮಾಧಾನ ಇದೆ. ವಕೀಲರ ವಾದ ನನಗೆ ಗೊತ್ತಿಲ್ಲ. ನನ್ನ ಕೆಲಸದಿಂದ ನನಗೆ ಗೊತ್ತಿರುವುದು ಇಷ್ಟು. ಪೋಸ್ಟ್‌ಮ್ಯಾನ್ ಕಾಗದವನ್ನು ಸರಿಯಾದ ಬಾಗಿಲಿಗೆ, ಒದ್ದೆ ಮಾಡದೆ, ಒಡೆಯದೆ ಮುಟ್ಟಿಸಬೇಕು. ಓದುವ ತನಕ ಜಗಲಿಯಲ್ಲಿ ಕೂತು ಹಠ ಮಾಡಬಾರದು. ಬೇಡ ಎಂದರೆ ರೆಫ್ಯೂಸ್ಡ್ ಎಂದು ಬರೆದು ವಾಪಸ್ ತರಬೇಕು. ಬೇಡ ಎನ್ನುವುದು ವಿಳಾಸದಾರರ ಹಕ್ಕು. ಅದಕ್ಕೆ ಮುಖ ಊದಿಸಿಕೊಂಡರೆ ಮರುದಿನ ಅದೇ ಬಾಗಿಲಿಗೆ ಇನ್ನೊಂದು ಕಾಗದ ಹಿಡಿದು ಹೇಗೆ ಹೋಗುವುದು?

ಇನ್ನು ನನ್ನ ಸಭೆಯವರಿಗೆ ಎರಡು ಮಾತು. ಲೆಕ್ಕ ಕೇಳಿದರೆ ಸಿಟ್ಟು ಮಾಡಬೇಡಿ. ಏಲಂನಲ್ಲಿ ಹುಂಜದಿಂದ ಬಂದದ್ದೆಷ್ಟು, ಡಬ್ಬಿಯಲ್ಲಿ ಬಂದದ್ದೆಷ್ಟು, ಯಾವ ಊರಿನ ಯಾವ ಕೆಲಸಕ್ಕೆ ಹೋಯಿತು ಎಂದು ಗೇಟಿನ ಪಕ್ಕದ ನೋಟೀಸ್ ಬೋರ್ಡಿನಲ್ಲಿ ಹಾಕಿ. ರಸ್ತೆಯಲ್ಲಿ ಹೋಗುವವರೂ ಓದಲಿ. ಇನ್ನೊಂದು, ಈಗ ವಾಟ್ಸ್ಆ್ಯಪ್‌ನಲ್ಲಿ ಯಾವುದೋ ಮಿಷನರಿಯ ಫೋಟೋ ಬಂದರೆ ಕೈ ಮುಗಿಯುವ ಚಿತ್ರ ಒತ್ತಿ ಮುಂದೆ ಕಳಿಸುತ್ತೇವೆ. ಕೆಲಸ ಮುಗಿಯಿತು. ಅವರ ಮಗುವಿನ ಹೆಸರು ಕೇಳಿದರೆ ಗೊತ್ತಿಲ್ಲ.

1998ರ ಕ್ರಿಸ್ಮಸ್ ಹೊತ್ತಿಗೆ ಡಾಂಗ್ ಜಿಲ್ಲೆಯಲ್ಲಿ ಚರ್ಚುಗಳ ಮೇಲೆ ದಾಳಿ ಆಯಿತು. ಪೇಪರಿನಲ್ಲೇ ಓದಿದೆವು. ಡಿಸೆಂಬರ್ ಎಂ.ಒ.ದ ಸಹಿ ಚೀಟಿ ಬಂದಿರಲಿಲ್ಲ. ಅಮ್ಮನಿಗೆ ಆಗ ಕಣ್ಣು ಮಂಜು. ನಾನು ಸಂಜೆ ಸೈಕಲ್ ಒರಗಿಸುವ ಸದ್ದು ಕೇಳಿದ ಕೂಡಲೇ, "ಬಂತಾ?" ಎನ್ನುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಹೀಗೆ ಜನವರಿ ಪೂರ್ತಿ ಹೋಯಿತು. ತಿಂಗಳ ಕೊನೆಗೆ ಬಂತು. ನಿಯಮದ ಪ್ರಕಾರ ಅದರಲ್ಲಿ ಸಹಿ ಮಾತ್ರ ಇರಬೇಕು. ನರ್ಸಮ್ಮ ಸಹಿಯ ಕೆಳಗೆ ಪೆನ್ಸಿಲಿನಲ್ಲಿ ಎರಡು ಶಬ್ದ ಬರೆದಿದ್ದರು. "ಎಲ್ಲರೂ ಇದ್ದೇವೆ." ಅಮ್ಮ ಅದನ್ನು ಮೂರು ಸಲ ಓದಿಸಿದರು. ಆ ತಿಂಗಳ ಎಂ.ಒ.ಗೆ ಇನ್ನೊಂದು ಕಟ್ಟಿನ ದುಡ್ಡು ಸೇರಿಸಿದರು.

ಅಮ್ಮ 2006ರಲ್ಲಿ ತೀರಿಕೊಂಡರು. ಡಾಂಗ್‌ನ ಆ ಇಬ್ಬರು ಈಗ ನಿವೃತ್ತರು. ಅವರು ಕಲಿಸಿದ ರಾತ್ರಿ ಶಾಲೆಯ ಹುಡುಗನೊಬ್ಬ ಅಲ್ಲೇ ಮಾಸ್ಟ್ರು ಆಗಿದ್ದಾನೆ. ಈಗ ನಾನು ಕಳಿಸುವುದು ಅವನಿಗೆ. ಮೊನ್ನೆ ಮೊಮ್ಮಗ ಫೋನಿನಲ್ಲಿ ದುಡ್ಡು ಹಾಕಿಕೊಡುವಾಗ, ಇದರಲ್ಲಿ ಕೂಪನ್ ಇಲ್ಲ ಎಂದು ಗೊಣಗಿದೆ. "ಅಜ್ಜ, ಇಲ್ಲಿ ನೋಟ್ ಅಂತ ಒಂದು ಜಾಗ ಇದೆ, ಎಂತ ಬರೆಯಬೇಕು ಹೇಳಿ" ಎಂದ. ನನಗೆ ತಟ್ಟನೆ ಏನೂ ಹೊಳೆಯಲಿಲ್ಲ. ಆಮೇಲೆ, ಇಲ್ಲಿ ಮಳೆ ಬಲ ಆಗಿದೆ ಎಂದು ಬರೆಯಲು ಹೇಳಿದೆ.

ಪ್ರಶ್ನೆ ಕೇಳಿದ ಓದುಗ ಮಿತ್ರರಿಗೆ, ಅಮ್ಮನ ಟ್ರಂಕಿನಲ್ಲಿ ಆ ಸಹಿ ಚೀಟಿಗಳು ಇವೆ. 211. ಕೆಲವನ್ನು ಗೆದ್ದಲು ತಿಂದಿದೆ. ದುಡ್ಡು ಎಲ್ಲಿಂದ ಹೋಯಿತು, ಎಲ್ಲಿಗೆ ಮುಟ್ಟಿತು ಎಂದು ಎರಡೂ ಕಡೆಯ ಅಂಚೆ ಮೊಹರು ನೋಡಬಹುದು. ನನ್ನ ವಿಳಾಸ ಪತ್ರಿಕೆಯ ಕಚೇರಿಯಲ್ಲಿ ಕೊಟ್ಟಿದ್ದೇನೆ. ಯಾವತ್ತು ಬೇಕಾದರೂ ಬನ್ನಿ. ಮಧ್ಯಾಹ್ನ ಎರಡರಿಂದ ನಾಲ್ಕು ನಾನು ಮಲಗಿರುತ್ತೇನೆ, ಆ ಹೊತ್ತು ಒಂದು ಬಿಟ್ಟು.

ಇತಿ ನಿಮ್ಮ ಓದುಗ,
ನಿವೃತ್ತ ಪೋಸ್ಟ್‌ಮ್ಯಾನ್, ಮಲ್ಪೆ